ಎರೆಹುಳು ಹೂತದ್ದು, ಸುರುಳಿ ಕೇಳಿಸಿಕೊಂಡದ್ದು

ಇಂಗ್ಲೆಂಡಿನ ನೈಋತ್ಯಕ್ಕೆ ಸಾಮರ್‌ಸೆಟ್ ಎಂಬ ಸೀಮೆ, ಅಲ್ಲಿ ಫ್ರೂಮ್ ಎಂಬ ಸಣ್ಣ ಪಟ್ಟಣ. 2010ರ ಏಪ್ರಿಲ್ ತಿಂಗಳಲ್ಲಿ ಆ ಊರಿನ ಹತ್ತಿರದ ಹೊಲವೊಂದರಲ್ಲಿ ಡೇವ್ ಕ್ರಿಸ್ಪ್ ಎಂಬವರು ಲೋಹಶೋಧಕ ಹಿಡಿದು ಅಡ್ಡಾಡುತ್ತಿದ್ದರು. ಆಸ್ಪತ್ರೆಯ ಅಡುಗೆಮನೆಯಲ್ಲಿ ಅವರ ನೌಕರಿ, ಹೊಲ ಸುತ್ತುವುದು ಬಿಡುವಿನ ಹವ್ಯಾಸ. ರೋಮನ್ ಕಾಲದ ಬೆಳ್ಳಿ ನಾಣ್ಯಗಳು ಅದೇ ಹೊಲದಲ್ಲಿ ಅವರಿಗೆ ಸಿಕ್ಕಿದ್ದವು. ಒಂದು ಕಡೆ ಇದ್ದ ಗಂಟು ಉಳುಮೆಗೆ ಸಿಕ್ಕಿ ಒಡೆದು ಸುತ್ತ ಚೆಲ್ಲಿದಂತೆ ಅವು ಹರಡಿಕೊಂಡಿದ್ದವು. ಉಳಿದದ್ದೇನಾದರೂ ಇದ್ದೀತು ಎಂದು ಅಲ್ಲೇ ಹುಡುಕುತ್ತಿದ್ದಾಗ ಯಂತ್ರ ವಿಚಿತ್ರವಾಗಿ ಸದ್ದು ಮಾಡಿತು. ಅಲ್ಲಿ ನಾಣ್ಯವಿದ್ದಾಗ ಬರುವ ಚುರುಕಾದ ಸದ್ದಲ್ಲ, ಕಬ್ಬಿಣದ ಮೊಳೆ ಸಿಕ್ಕಾಗ ಬರುವ ಒರಟು ಸದ್ದೂ ಅಲ್ಲ. ಸುಮಾರು 35 ಸೆಂಟಿಮೀಟರ್ ಅಗೆದರು. ಮಣ್ಣಿನ ಹೆಂಟೆಯಲ್ಲಿ ಕೈಗೆ ಬಂದದ್ದು ಬೆರಳಿನ ಉಗುರಿನಷ್ಟಗಲದ ಒಂದು ಕಂಚಿನ ಬಿಲ್ಲೆ.

ಈ ಹವ್ಯಾಸದಲ್ಲಿ ಪಳಗಿದವರಿಗೆ ಇಲ್ಲೊಂದು ಅನುಮಾನ ಹುಟ್ಟಬೇಕು. ಉಗುರಿನಷ್ಟು ದೊಡ್ಡ ಕಂಚಿನ ಕಾಸು ಅಷ್ಟು ಆಳದಲ್ಲಿದ್ದರೆ ಸಾಮಾನ್ಯ ಯಂತ್ರಕ್ಕೆ ಅದು ಕೇಳಿಸುವುದೇ ಇಲ್ಲ. ಹಾಗಾದರೆ ಯಂತ್ರ ಕೇಳಿಸಿಕೊಂಡದ್ದು ಏನನ್ನು? ಉತ್ತರ ಹೇಳಬೇಕಾದರೆ ಯಂತ್ರ ಮಣ್ಣಿನೊಳಗೆ ಏನು ಮಾಡುತ್ತದೆ ಎಂಬುದನ್ನು ಮೊದಲು ನೋಡಬೇಕು.

ಲೋಹಶೋಧಕದ ಕೆಳತುದಿಯಲ್ಲಿ ತಟ್ಟೆಯಂಥದ್ದೊಂದು ಇರುತ್ತದಲ್ಲ, ಅದರೊಳಗೆ ತಾಮ್ರದ ತಂತಿಯ ಸುರುಳಿಗಳಿವೆ. ಒಂದು ಸುರುಳಿಯಲ್ಲಿ ವಿದ್ಯುತ್ ಸೆಕೆಂಡಿಗೆ ಸಾವಿರಾರು ಸಲ ದಿಕ್ಕು ಬದಲಿಸುತ್ತಾ ಹರಿಯುತ್ತದೆ. ವಿದ್ಯುತ್ ಹರಿದಲ್ಲಿ ಕಾಂತಕ್ಷೇತ್ರ ಇದ್ದೇ ಇರುತ್ತದೆ. ವಿದ್ಯುತ್ತು ಹಿಂದೆ ಮುಂದೆ ಓಡಿದಂತೆ ಆ ಕ್ಷೇತ್ರವೂ ಹುಟ್ಟುತ್ತಾ, ಕುಗ್ಗುತ್ತಾ, ತಲೆಕೆಳಗಾಗುತ್ತಾ ಮಣ್ಣಿನೊಳಗೆ ಇಳಿಯುತ್ತದೆ. ಮಣ್ಣು ಅದನ್ನು ಹೆಚ್ಚು ತಡೆಯುವುದಿಲ್ಲ. ದಾರಿಯಲ್ಲಿ ಒಂದು ನಾಣ್ಯ ಅಡ್ಡ ಬಂದರೆ, ಬದಲಾಗುತ್ತಿರುವ ಕಾಂತಕ್ಷೇತ್ರ ಆ ನಾಣ್ಯದ ಮೈಯಲ್ಲಿ ವಿದ್ಯುತ್ತನ್ನು ಎಬ್ಬಿಸುತ್ತದೆ. ಮೈಕೇಲ್ ಫ್ಯಾರಡೆ 1831ರಲ್ಲಿ ಕಂಡುಕೊಂಡ ನಿಯಮವಿದು. ನಮ್ಮ ಜಲವಿದ್ಯುತ್ ಸ್ಥಾವರಗಳ ಜನರೇಟರ್‌ಗಳು ವಿದ್ಯುತ್ ಹುಟ್ಟಿಸುವುದೂ ಇದರ ಬಲದಿಂದಲೇ. ನಾಣ್ಯಕ್ಕೆ ತಂತಿಯ ಜೋಡಣೆ ಇಲ್ಲದಿರುವುದರಿಂದ ಅದರೊಳಗೆ ಎದ್ದ ವಿದ್ಯುತ್ತು ಹೊರಗೆಲ್ಲೂ ಹೋಗಲಾರದೆ ಹೊಳೆಯ ಸುಳಿಯಂತೆ ಅಲ್ಲೇ ಗಿರಕಿ ಹೊಡೆಯುತ್ತದೆ. ಈ ಸುಳಿ ವಿದ್ಯುತ್ತು ತನ್ನದೇ ಒಂದು ಪುಟ್ಟ ಕಾಂತಕ್ಷೇತ್ರವನ್ನು ಹೊರಡಿಸುತ್ತದೆ. ತಟ್ಟೆಯಲ್ಲಿರುವ ಎರಡನೆಯ ಸುರುಳಿ ಅದನ್ನು ಹಿಡಿದು ಕಿವಿಗೆ ಮುಟ್ಟಿಸುತ್ತದೆ. ಇಷ್ಟೇ ಮೂಲತತ್ತ್ವ. ಮಣ್ಣಿನೊಳಗೆ ಸುಮ್ಮನೆ ಮಲಗಿದ್ದ ನಾಣ್ಯ ಕ್ಷಣಕಾಲ ತಾನೇ ಒಂದು ವಿದ್ಯುತ್ಕಾಂತವಾಗಿ ಮಾತಾಡುತ್ತದೆ, ತಟ್ಟೆ ಮುಂದೆ ಸರಿದರೆ ಸುಮ್ಮನಾಗುತ್ತದೆ.

ಉತ್ತರ ಬಂತು ಎನ್ನುವುದರಷ್ಟೇ ಅದು ಎಷ್ಟು ತಡವಾಗಿ ಬಂತು ಎನ್ನುವುದೂ ಮುಖ್ಯ. ಬೆಳ್ಳಿ, ತಾಮ್ರದಂಥ ಒಳ್ಳೆಯ ವಾಹಕಗಳಲ್ಲಿ ಸುಳಿ ವಿದ್ಯುತ್ತು ಬೇಗ ಅಡಗುವುದಿಲ್ಲ. ಹಾಗಾಗಿ ಅವುಗಳ ಉತ್ತರ ಪ್ರಶ್ನೆಗಿಂತ ಹೆಚ್ಚು ಹಿಂದುಳಿಯುತ್ತದೆ. ತೆಳು ಅಲ್ಯೂಮಿನಿಯಂ ಹಾಳೆಯಲ್ಲಿ ಸುಳಿ ಬೇಗ ಸಾಯುತ್ತದೆ, ಉತ್ತರ ಅಷ್ಟಾಗಿ ಹಿಂದೆ ಬೀಳುವುದಿಲ್ಲ. ಕಬ್ಬಿಣದ್ದು ಬೇರೆಯೇ ಗುಣ: ಅದು ಕ್ಷೇತ್ರ ಬಂದೊಡನೆ ತಾನೂ ಕಾಂತವಾಗಿ, ಹೆಚ್ಚುಕಡಿಮೆ ಅದರ ತಾಳಕ್ಕೇ ಕುಣಿಯುತ್ತದೆ. ಸೆಕೆಂಡಿನ ಲಕ್ಷದಲ್ಲೊಂದು ಭಾಗದಂಥ ಈ ವ್ಯತ್ಯಾಸವನ್ನು ಅಳೆದು ಯಂತ್ರ ಒಂದು ಅಂಕಿ ತೋರಿಸುತ್ತದೆ, ಬೇರೆ ಬೇರೆ ಸ್ವರ ಹೊರಡಿಸುತ್ತದೆ. ಮೊಳೆಯೋ ಬೆಳ್ಳಿಯೋ ಎಂದು ಅಗೆಯುವ ಮೊದಲೇ ಊಹಿಸಲು ಸಾಧ್ಯವಾಗುವುದು ಇದರಿಂದ. ಆದರೆ ಯಂತ್ರ ಅಳೆಯುವುದು ಲೋಹದ ಹೆಸರನ್ನಲ್ಲ, ಸುಳಿ ಎಷ್ಟು ಹೊತ್ತು ಉಳಿಯಿತೆಂಬುದನ್ನು. ಅದು ಲೋಹದ ಜಾತಿಯ ಜೊತೆಗೆ ವಸ್ತುವಿನ ಗಾತ್ರ, ದಪ್ಪಗಳ ಮೇಲೂ ನಿಂತಿದೆ. ತಂಪು ಪಾನೀಯದ ಡಬ್ಬಿಯಿಂದ ಕಿತ್ತೆಸೆದ ಅಲ್ಯೂಮಿನಿಯಂ ಉಂಗುರವೂ ಒಂದು ಸಣ್ಣ ಚಿನ್ನದ ನಾಣ್ಯವೂ ಪರದೆಯ ಮೇಲೆ ಒಂದೇ ಅಂಕಿ ತೋರಿಸಬಹುದು. ಚಿನ್ನ ಬೇಕೆನ್ನುವವರು ಕಸವನ್ನೂ ಅಗೆಯಲೇಬೇಕು, ಅಡ್ಡದಾರಿ ಇಲ್ಲ.

ಆಳದ ಲೆಕ್ಕಾಚಾರ ಇನ್ನೂ ಕಠೋರ. ಸುರುಳಿಯಿಂದ ದೂರ ಸರಿದಂತೆ ಕಾಂತಕ್ಷೇತ್ರ ದೂರದ ಘನಕ್ಕೆ ತಕ್ಕಂತೆ ಕುಗ್ಗುತ್ತದೆ. ಅಂತರ ಎರಡು ಪಟ್ಟಾದರೆ ಬಲ ಎಂಟನೇ ಒಂದು ಭಾಗ. ನಾಣ್ಯದ ಉತ್ತರ ಮೇಲಕ್ಕೆ ಬರುವಾಗಲೂ ಅದೇ ಶಿಕ್ಷೆ. ಎಂಟನ್ನು ಎಂಟರಿಂದ ಗುಣಿಸಿ: ಆಳ ದುಪ್ಪಟ್ಟಾದರೆ ಸದ್ದು ಅರುವತ್ತನಾಲ್ಕನೇ ಒಂದು ಭಾಗಕ್ಕೆ ಇಳಿಯುತ್ತದೆ. ತಟ್ಟೆಯ ಅಗಲಕ್ಕೆ ಹೋಲಿಸಿದರೆ ದೂರ ಹೆಚ್ಚಿದ್ದಾಗ ಈ ಲೆಕ್ಕ ಕರಾರುವಾಕ್ಕಾಗಿ ಹೊಂದುತ್ತದೆ. ಗೇಣುದ್ದದ ಆಳದಲ್ಲಿ ಚೆನ್ನಾಗಿ ಕೇಳಿಸುವ ನಾಣ್ಯ ಎರಡು ಗೇಣಿನಲ್ಲಿ ಇಲ್ಲವೇ ಇಲ್ಲ ಎಂಬಂತಾಗುವುದು ಇದಕ್ಕೇ. ವಿದ್ಯುತ್ತನ್ನು ಹೆಚ್ಚಿಸಿ ಇದನ್ನು ಗೆಲ್ಲುವುದು ಕಷ್ಟ. ಯಂತ್ರಗಳ ಬೆಲೆ ಎಷ್ಟೇ ಏರಿದರೂ ಬಿಡಿ ನಾಣ್ಯ ಸಿಗುವ ಆಳ ಸಾಮಾನ್ಯವಾಗಿ 20–25 ಸೆಂಟಿಮೀಟರ್ ಆಸುಪಾಸಿನಲ್ಲೇ ನಿಂತಿರುವುದಕ್ಕೆ ತಯಾರಕರ ಸೋಮಾರಿತನ ಕಾರಣವಲ್ಲ. ಆರನೇ ಘಾತದ ಈ ನಿಯಮ ಕಾರಣ.

ಈಗ ಫ್ರೂಮ್‌ನ ಒಗಟು ಬಿಡಿಸಬಹುದು. ಆ ಒಂದು ಕಾಸು ಯಂತ್ರಕ್ಕೆ ಕೇಳಿಸಿದ್ದಿರಲಾರದು. ಅದರ ಕೆಳಗೆ, ಒಂದರ ಮೇಲೊಂದು ಒತ್ತಿಕೊಂಡು, 52,503 ನಾಣ್ಯಗಳಿದ್ದವು. ಒಟ್ಟು ತೂಕ ಸುಮಾರು 160 ಕಿಲೋ. ಮೇಲಿನ ಪದರಗಳ ಸಾವಿರಾರು ನಾಣ್ಯಗಳಲ್ಲಿ ಎದ್ದ ಸುಳಿಗಳೆಲ್ಲ ಸೇರಿ ಒಂದೇ ಅಗಲವಾದ, ಮಸುಕಾದ ಸದ್ದಾಗಿ ಮೇಲೆ ಬಂದಿರಬೇಕು. ಯಂತ್ರದ ಸದ್ದು ವಿಚಿತ್ರವೆನಿಸಿದ್ದಕ್ಕೆ ನಾನು ಕೊಡಬಲ್ಲ ವಿವರಣೆ ಇದು.

ಕ್ರಿಸ್ಪ್ ಮತ್ತೆ ಕೈ ಹಾಕಿದಾಗ ಇನ್ನಷ್ಟು ನಾಣ್ಯ, ಜೊತೆಗೆ ಒಂದು ಮಡಕೆಯ ಕಂಠ ಕಾಣಿಸಿತು. ಆಗ ಅವರು ಅಗೆಯುವುದನ್ನು ನಿಲ್ಲಿಸಿ, ಗುಂಡಿ ಮುಚ್ಚಿ, ಪ್ರಾಕ್ತನ ವಸ್ತುಗಳನ್ನು ದಾಖಲಿಸುವ ಅಧಿಕಾರಿಗೆ ಸುದ್ದಿ ಮುಟ್ಟಿಸಿದರು. ಈ ಇಡೀ ಅಧ್ಯಾಯದಲ್ಲಿ ನಾನು ಅತಿ ಹೆಚ್ಚು ಗೌರವಿಸುವ ಕೆಲಸ ಇದು. ಅದರಿಂದ ಸಿಕ್ಕಿದ್ದೇನು ಎಂಬುದನ್ನು ಹೇಳುವ ಮೊದಲು ಯಂತ್ರವೂ ನಾಣ್ಯವೂ ಅಲ್ಲಿಗೆ ಬಂದ ದಾರಿಯನ್ನು ಹಿಂದಕ್ಕೆ ನಡೆದು ನೋಡಬೇಕು. ಎರಡು ದಾರಿಗಳೂ 1881ರ ಮೂಲಕ ಹಾದುಹೋಗುತ್ತವೆ.

ಆ ವರ್ಷ ಜುಲೈ 2ರಂದು ಅಮೆರಿಕದ ಅಧ್ಯಕ್ಷ ಜೇಮ್ಸ್ ಗಾರ್‌ಫೀಲ್ಡ್ ಅವರಿಗೆ ವಾಷಿಂಗ್ಟನ್ನಿನ ರೈಲು ನಿಲ್ದಾಣದಲ್ಲಿ ಗುಂಡು ಬಿತ್ತು. ಒಂದು ಗುಂಡು ದೇಹದೊಳಗೇ ಉಳಿಯಿತು. ಕ್ಷ-ಕಿರಣಗಳು ಗೊತ್ತಾಗಲು ಇನ್ನೂ 14 ವರ್ಷವಿತ್ತು. ಟೆಲಿಫೋನಿನ ಅಲೆಕ್ಸಾಂಡರ್ ಗ್ರಹಾಂ ಬೆಲ್ ಎರಡು ಸುರುಳಿಗಳನ್ನು ಸಮತೂಗಿಸಿ, ಲೋಹ ಹತ್ತಿರ ಬಂದಾಗ ಆ ಸಮತೋಲ ತಪ್ಪಿ ಟೆಲಿಫೋನಿನಲ್ಲಿ ಸದ್ದಾಗುವ ಉಪಕರಣವನ್ನು ಹೊತ್ತುಕೊಂಡು ಶ್ವೇತಭವನಕ್ಕೆ ಹೋದರು. ಅಂತರ್ಯುದ್ಧದ ಗುಂಡುಗಳನ್ನು ಮೈಯಲ್ಲೇ ಹೊತ್ತಿದ್ದ ಹಳೆಯ ಸೈನಿಕರ ಮೇಲೆ ಅದು ಸರಿಯಾಗಿ ಕೆಲಸ ಮಾಡಿತ್ತು. ಅಧ್ಯಕ್ಷರ ಮೇಲೆ ಮಾಡಲಿಲ್ಲ. ಹಾಸಿಗೆಯ ಕೆಳಗೆ ಉಕ್ಕಿನ ತಂತಿಗಳಿದ್ದವು. ಮೇಲಾಗಿ ಗುಂಡು ಬಲಕ್ಕಿದೆ ಎಂದು ನಂಬಿದ್ದ ಮುಖ್ಯ ವೈದ್ಯರು ಬಲಭಾಗದಲ್ಲಿ ಮಾತ್ರ ಹುಡುಕಲು ಬಿಟ್ಟರು. ಗುಂಡು ಇದ್ದದ್ದು ಎಡಕ್ಕೆ. ಸೆಪ್ಟೆಂಬರ್ 19ರಂದು ಗಾರ್‌ಫೀಲ್ಡ್ ತೀರಿಕೊಂಡರು. ಹುಡುಕುವವನನ್ನು ತಪ್ಪು ಜಾಗದಲ್ಲಿ ನಿಲ್ಲಿಸಿದರೆ ಒಳ್ಳೆಯ ಯಂತ್ರವೂ ಏನೂ ಮಾಡಲಾರದು.

ಮುಂದಿನ ಕಥೆ ಚುರುಕಾಗಿ ಸಾಗುತ್ತದೆ. ವಿಮಾನಗಳಿಗೆ ರೇಡಿಯೊ ದಿಕ್ಸೂಚಿ ರೂಪಿಸುತ್ತಿದ್ದ ಗೆರ್‌ಹಾರ್ಡ್ ಫಿಶರ್, ಅದಿರಿರುವ ನೆಲದ ಮೇಲೆ ತಮ್ಮ ಉಪಕರಣ ದಾರಿ ತಪ್ಪುವುದನ್ನು ಗಮನಿಸಿ, ಆ ದೋಷವನ್ನೇ ಶೋಧಕವನ್ನಾಗಿ ಮಾಡಿ 1937ರಲ್ಲಿ ಪೇಟೆಂಟ್ ಪಡೆದರು. ಎರಡನೇ ಮಹಾಯುದ್ಧದಲ್ಲಿ ಸ್ಕಾಟ್ಲೆಂಡಿನಲ್ಲಿದ್ದ ಪೋಲೆಂಡಿನ ಸೇನಾಧಿಕಾರಿ ಯೂಸೆಫ್ ಕೊಸಾಟ್ಸ್ಕಿ ಒಬ್ಬನೇ ಸೈನಿಕ ಹೊತ್ತು ನಡೆಯಬಹುದಾದ ನೆಲಬಾಂಬ್ ಶೋಧಕವನ್ನು ರೂಪಿಸಿ, ಪೇಟೆಂಟ್ ಕೇಳದೆ ಬ್ರಿಟಿಷ್ ಸೇನೆಗೆ ಒಪ್ಪಿಸಿದರು. 1942ರಲ್ಲಿ ಎಲ್ ಅಲಮೇನ್‌ನ ಮರಳುಗಾಡಿನಲ್ಲಿ ಅದು ಸೈನ್ಯಕ್ಕೆ ದಾರಿ ತೆರೆಯಿತು. ಯುದ್ಧ ಮುಗಿದ ಮೇಲೆ ಸೇನೆಗೆ ಬೇಡವಾದ ಶೋಧಕಗಳು ಪೇಟೆಗೆ ಬಂದವು; ಟ್ರಾನ್ಸಿಸ್ಟರ್ ಬಂದು ತೂಕ ಇಳಿಯಿತು; 1970ರ ದಶಕದ ಹೊತ್ತಿಗೆ ಇಂಗ್ಲೆಂಡಿನ ಹೊಲಗಳಲ್ಲಿ ವಾರದ ಕೊನೆಗೆ ತಟ್ಟೆ ಬೀಸುತ್ತಾ ನಡೆಯುವವರು ಸಾಮಾನ್ಯ ದೃಶ್ಯವಾದರು.

ಇನ್ನು ನಾಣ್ಯದ ದಾರಿ. ಹೊಲದಲ್ಲಿ ಕಳೆದುಹೋದ ನಾಣ್ಯ ಮೇಲೆಯೇ ಉಳಿದಿದ್ದರೆ ಯಾರಾದರೂ ಎತ್ತಿಕೊಂಡಿರುತ್ತಿದ್ದರು. ಅದು ನೆಲದೊಳಗೆ ಇಳಿಯುವುದು ಹೇಗೆ? ಗಾರ್‌ಫೀಲ್ಡ್ ತೀರಿಕೊಂಡ ಮರುತಿಂಗಳು, ಅಕ್ಟೋಬರ್ 1881ರಲ್ಲಿ, ಚಾರ್ಲ್ಸ್ ಡಾರ್ವಿನ್ ತಮ್ಮ ಕೊನೆಯ ಪುಸ್ತಕವನ್ನು ಪ್ರಕಟಿಸಿದರು. ಅದು ಎರೆಹುಳುಗಳ ಬಗ್ಗೆ. ಎರೆಹುಳು ಕೆಳಗಿನ ಮಣ್ಣನ್ನು ತಿಂದು ಮೇಲೆ ಬಂದು ಹಿಕ್ಕೆ ಹಾಕುತ್ತದೆ. ಅದರ ಬಿಲಗಳು ಕ್ರಮೇಣ ಕುಸಿಯುತ್ತವೆ. ಮೇಲಿದ್ದ ವಸ್ತುವಿನ ಕೆಳಗಿನ ಮಣ್ಣು ಹೀಗೆ ಅದರ ನೆತ್ತಿಯ ಮೇಲಕ್ಕೆ ವರ್ಗವಾಗುತ್ತಾ ಹೋಗುತ್ತದೆ, ವಸ್ತು ತಾನಾಗಿ ಇಳಿಯುತ್ತದೆ. ಡಾರ್ವಿನ್ ಇದನ್ನು ಅಳೆದೇ ತೋರಿಸಿದರು. 1842ರಲ್ಲಿ ತಮ್ಮ ಮನೆಯ ಹತ್ತಿರದ ಹುಲ್ಲುಗಾವಲೊಂದರ ಮೇಲೆ ಸುಣ್ಣಕಲ್ಲಿನ ಚೂರು ಹರಡಿಸಿದ್ದರು. 1871ರಲ್ಲಿ ಅಲ್ಲೊಂದು ಕಾಲುವೆ ತೋಡಿಸಿದಾಗ ಆ ಬಿಳಿ ಚೂರುಗಳು ಏಳು ಅಂಗುಲ ಆಳದಲ್ಲಿ ಸಾಲಾಗಿ ಕುಳಿತಿದ್ದವು. 29 ವರ್ಷದಲ್ಲಿ ಸುಮಾರು 18 ಸೆಂಟಿಮೀಟರ್. ಒಂದು ಪ್ರಯೋಗದ ಫಲಕ್ಕಾಗಿ ಇಷ್ಟು ವರ್ಷ ಕಾಯುವ ತಾಳ್ಮೆಯನ್ನು ನೆನೆದಾಗಲೆಲ್ಲ ನನ್ನಲ್ಲಿ ಭಕ್ತಿಯಂಥದ್ದೇ ಏಳುತ್ತದೆ. ಎರೆಹುಳುಗಳು ಕೆಲಸ ಮಾಡುವ ಆಳ ಮುಗಿದ ಮೇಲೆ ಈ ಇಳಿತ ನಿಧಾನವಾಗುತ್ತದೆ. ಸರ್ರೆ ಸೀಮೆಯ ಅಬಿಂಜರ್‌ನಲ್ಲಿ ರೋಮನ್ ಮನೆಯೊಂದರ ಅವಶೇಷ ಸಿಕ್ಕಾಗ ಡಾರ್ವಿನ್ ಅಲ್ಲಿಗೂ ಹೋಗಿ, ಗಾರೆ ನೆಲವನ್ನೂ ತೂರಿ ಎರೆಹುಳುಗಳು ಮೇಲೆ ಬರುತ್ತಿರುವುದನ್ನು ಕಂಡರು. ನಾಣ್ಯ, ಒಡವೆ, ಕಲ್ಲಿನ ಆಯುಧಗಳನ್ನು ಮುಂದಿನ ಕಾಲಕ್ಕೆ ಕಾಪಿಟ್ಟ ಈ ಹುಳುಗಳಿಗೆ ಪ್ರಾಕ್ತನ ತಜ್ಞರು ಋಣಿಗಳಾಗಿರಬೇಕು ಎಂಬುದು ಅವರ ಅಭಿಪ್ರಾಯ.

ಎರೆಹುಳು ಇಳಿಸಿದ್ದನ್ನು ನೇಗಿಲು ಮತ್ತೆ ಮೇಲೆತ್ತುತ್ತದೆ. ಹಾಗಾಗಿ ಉಳುವ ಹೊಲದಲ್ಲಿ ನಾಣ್ಯಗಳು ಪ್ರತಿವರ್ಷ ಜಾಗ ಬದಲಿಸುತ್ತವೆ. ಹೋದ ವರ್ಷ ಅಂಚಿನ ಮೇಲೆ ಲಂಬವಾಗಿ ನಿಂತು ಮೌನವಾಗಿದ್ದ ನಾಣ್ಯ ಈ ವರ್ಷ ಚಪ್ಪಟೆಯಾಗಿ ಮಲಗಿ, ಸುಳಿ ವಿದ್ಯುತ್ತಿಗೆ ಅಗಲವಾದ ಅಂಗಳ ಕೊಟ್ಟು, ಜೋರಾಗಿ ಕೂಗೀತು. ಒಂದೇ ಹೊಲವನ್ನು ಮೆಚ್ಚಿಕೊಂಡು ಪ್ರತಿ ಕೊಯ್ಲಿನ ನಂತರ ಅಲ್ಲಿಗೇ ಹೋಗುವವರ ಹಟದ ಹಿಂದೆ ಈ ಗಟ್ಟಿಯಾದ ಕಾರಣವಿದೆ. ಇಂಗ್ಲಿಷ್ ಕಾಲುವೆಯ ಜರ್ಸಿ ದ್ವೀಪದಲ್ಲಿ ರೆಗ್ ಮೀಡ್ ಮತ್ತು ರಿಚರ್ಡ್ ಮೈಲ್ಸ್ ಎಂಬ ಇಬ್ಬರು, ಹಿಂದೆಂದೋ ಒಂದು ಹೊಲದಲ್ಲಿ ಬೆಳ್ಳಿ ನಾಣ್ಯ ಸಿಕ್ಕಿತ್ತಂತೆ ಎಂಬ ಸುದ್ದಿಯ ಬೆನ್ನುಹತ್ತಿ ಸುಮಾರು 30 ವರ್ಷ ಅದೇ ಜಾಗವನ್ನು ಹುಡುಕಿದರು. ಬೆಳೆ ಕಟಾವಾದ ಮೇಲೆ ವರ್ಷಕ್ಕೆ ಕೆಲವೇ ಗಂಟೆಗಳ ಅವಕಾಶ ಅವರಿಗಿತ್ತು. 2012ರಲ್ಲಿ ಸಿಕ್ಕಿದ್ದು ಬಿಡಿ ನಾಣ್ಯಗಳಲ್ಲ. ಹಸಿರು ಕಿಲುಬಿನಲ್ಲಿ ಒಂದಕ್ಕೊಂದು ಅಂಟಿ ಬಂಡೆಯಂತಾಗಿದ್ದ ಒಂದೇ ಮುದ್ದೆ. ಅವರೂ ಅಗೆಯುವುದನ್ನು ನಿಲ್ಲಿಸಿ ತಜ್ಞರನ್ನು ಕರೆದರು. ಮುದ್ದೆಯನ್ನು ಇದ್ದ ಹಾಗೇ ಎತ್ತಿ ವಸ್ತುಸಂಗ್ರಹಾಲಯಕ್ಕೆ ಸಾಗಿಸಿ, ಒಂದೊಂದು ನಾಣ್ಯದ ಜಾಗವನ್ನೂ ಲೇಸರ್‌ನಿಂದ ಗುರುತಿಸಿಕೊಳ್ಳುತ್ತಾ ವರ್ಷಗಟ್ಟಲೆ ಬಿಡಿಸಿದರು. ಎಣಿಕೆ 69,347ಕ್ಕೆ ಬಂದು ನಿಂತಿತು. ರೋಮ್ ಗಾಲ್ ದೇಶವನ್ನು ಗೆದ್ದುಕೊಂಡ ಕ್ರಿಸ್ತಪೂರ್ವ ಮೊದಲ ಶತಮಾನದಲ್ಲಿ ಕೆಲ್ಟಿಕ್ ಬುಡಕಟ್ಟಿನವರು ಹೂತಿಟ್ಟ ಸಂಪತ್ತದು.

ಫ್ರೂಮ್‌ಗೆ ಮರಳೋಣ. ಪ್ರಾಕ್ತನ ತಜ್ಞ ಅಲನ್ ಗ್ರಹಾಂ ಮೂರು ದಿನ ಆ ಗುಂಡಿಯಲ್ಲಿ ಕೆಲಸ ಮಾಡಿದರು. 60 ಸೆಂಟಿಮೀಟರ್ ಎತ್ತರದ, ತೆಳುಗೋಡೆಯ ಮಡಕೆ ಆಗಲೇ ಬಿರುಕು ಬಿಟ್ಟಿತ್ತು. ಇಡಿಯಾಗಿ ಎತ್ತುವುದು ಆಗದ ಮಾತು. ಅವರು ನಾಣ್ಯಗಳನ್ನು ಪದರ ಪದರವಾಗಿ ತೆಗೆದು, ಒಂದೊಂದು ಪದರವನ್ನೂ ಬೇರೆ ಬೇರೆ ಚೀಲಗಳಲ್ಲಿ ಗುರುತು ಹಾಕಿ ಇಟ್ಟರು. ಕೇಳಲು ಬೇಸರದ ಕೆಲಸ. ಇತಿಹಾಸ ಹೊರಬಂದದ್ದು ಆ ಬೇಸರದ ಕೆಲಸದಿಂದಲೇ.

ಆ ನಾಣ್ಯಗಳಲ್ಲಿ 760ಕ್ಕೂ ಹೆಚ್ಚು ಕರೌಸಿಯಸ್ ಎಂಬವನವು. ಇವನು ರೋಮನ್ ನೌಕಾಪಡೆಯ ದಳಪತಿ. 286ರಲ್ಲಿ ಬಂಡೆದ್ದು ಬ್ರಿಟನ್ನಿಗೆ ತಾನೇ ಚಕ್ರವರ್ತಿ ಎಂದು ಸಾರಿಕೊಂಡು, 293ರಲ್ಲಿ ತನ್ನವರ ಕೈಯಲ್ಲೇ ಸತ್ತ. ಮಡಕೆಯಲ್ಲಿ ಎಲ್ಲಕ್ಕಿಂತ ಹೊಸ ನಾಣ್ಯಗಳು ಅವನವೇ. ಒಬ್ಬ ಕುಟುಂಬಸ್ಥ ವರ್ಷವರ್ಷವೂ ಉಳಿತಾಯ ಹಾಕುತ್ತಾ ಬಂದ ಮಡಕೆ ಇದಾಗಿದ್ದರೆ ಹೊಸ ನಾಣ್ಯಗಳು ಮೇಲಿರಬೇಕಿತ್ತು. ಆದರೆ ಕರೌಸಿಯಸ್‌ನ ನಾಣ್ಯಗಳಲ್ಲಿ ಬಹುಪಾಲು ಇದ್ದದ್ದು ಮಡಕೆಯ ಅರ್ಧಕ್ಕಿಂತ ಕೆಳಗಿನ ಒಂದೇ ಪದರದಲ್ಲಿ. ಅವುಗಳ ಮೇಲೆ ಹತ್ತಿಪ್ಪತ್ತು ವರ್ಷ ಹಳೆಯ ನಾಣ್ಯಗಳ ರಾಶಿ. ಅಂದರೆ ಎಲ್ಲವನ್ನೂ ಒಂದೇ ಸಂದರ್ಭದಲ್ಲಿ, ಬೇರೆ ಬೇರೆ ಚೀಲ ಗಂಟುಗಳಿಂದ ತಂದು ಸುರಿದಿದ್ದಾರೆ. ಮಡಕೆಯೂ ಅದನ್ನೇ ಹೇಳುತ್ತದೆ: ಆ ತೆಳುಗೋಡೆಗೆ 160 ಕಿಲೋ ತಾಳಿಕೊಂಡು ಹೊರಿಸಿಕೊಳ್ಳುವ ಶಕ್ತಿಯಿಲ್ಲ. ಮೊದಲು ಖಾಲಿ ಮಡಕೆಯನ್ನು ಗುಂಡಿಯಲ್ಲಿ ಕೂರಿಸಿ, ಆಮೇಲೆ ತುಂಬಿರಬೇಕು. ಮತ್ತೆ ಬಂದು ತೆಗೆದುಕೊಳ್ಳುವ ಇರಾದೆ ಇದ್ದವರು, ಒಡೆಯದೆ ಎತ್ತಲಾಗದ ಇಂಥ ಪಾತ್ರೆಯನ್ನು ಆರಿಸಿಕೊಳ್ಳುತ್ತಿದ್ದರೇ? ಈ ಪ್ರಶ್ನೆಯಿಂದಲೇ ಬ್ರಿಟಿಷ್ ಮ್ಯೂಸಿಯಂನ ನಾಣ್ಯಶಾಸ್ತ್ರಜ್ಞ ರೋಜರ್ ಬ್ಲಾಂಡ್ ಇದು ಕಳ್ಳಕಾಕರ ಭಯಕ್ಕೆ ಹೂತ ಹಣವಲ್ಲ, ಊರಿನವರು ಒಟ್ಟುಗೂಡಿ ಭೂಮಿಗೆ ಅರ್ಪಿಸಿದ ಕಾಣಿಕೆ ಇರಬಹುದು ಎಂಬ ವಾದ ಮುಂದಿಟ್ಟರು. ಎಲ್ಲರೂ ಅದನ್ನು ಒಪ್ಪಬೇಕಾಗಿಲ್ಲ. ಆದರೆ ವಾದ ಹುಟ್ಟಲು ಸಾಧ್ಯವಾದದ್ದು ಯಾವ ನಾಣ್ಯ ಯಾವ ಪದರದಲ್ಲಿತ್ತು ಎಂಬುದು ಗೊತ್ತಿದ್ದುದರಿಂದ. ಕ್ರಿಸ್ಪ್ ಅಂದೇ ಇಡೀ ಮಡಕೆಯನ್ನು ಬುಟ್ಟಿಗೆ ಬಗ್ಗಿಸಿಕೊಂಡಿದ್ದರೆ ಅದೇ 52,503 ನಾಣ್ಯಗಳು ಸಿಗುತ್ತಿದ್ದವು, ಒಂದೂ ಕಡಿಮೆಯಾಗುತ್ತಿರಲಿಲ್ಲ; ಈ ಪ್ರಶ್ನೆ ಮಾತ್ರ ಯಾರ ತಲೆಗೂ ಬರುತ್ತಿರಲಿಲ್ಲ.

ನಾಣ್ಯದ ಮೌಲ್ಯದ ಅರ್ಧ ಅದರ ಲೋಹದಲ್ಲೂ ಅಚ್ಚಿನಲ್ಲೂ ಇದೆ, ಉಳಿದರ್ಧ ಅದು ಬಿದ್ದ ಜಾಗದಲ್ಲಿದೆ. ಲೋಹಶೋಧಕಕ್ಕೆ ಮೊದಲರ್ಧ ಮಾತ್ರ ಕೇಳಿಸುತ್ತದೆ. ಮಡಕೆಯ ಚೂರು, ಅದನ್ನು ಸುತ್ತಿದ್ದ ಹುಲ್ಲಿನ ಗುರುತು, ಮಣ್ಣಿನ ಬಣ್ಣದ ಬದಲಾವಣೆ, ಇವುಗಳಲ್ಲಿ ಸುಳಿ ವಿದ್ಯುತ್ತು ಏಳುವುದಿಲ್ಲ.

ಇದನ್ನು ಪ್ರಯೋಗಾಲಯದ ಜೋಡಿ ಪರೀಕ್ಷೆಯಷ್ಟು ಸ್ಪಷ್ಟವಾಗಿ ತೋರಿಸುವ ಎರಡು ಘಟನೆಗಳು 2015ರಲ್ಲಿ ನಡೆದವು. ಎರಡೂ ಒಂಬತ್ತನೇ ಶತಮಾನದ ಕೊನೆಯ, ವೈಕಿಂಗ್ ದಾಳಿಗಳ ಕಾಲದ ನಿಧಿಗಳು. ಅಕ್ಟೋಬರಿನಲ್ಲಿ ಆಕ್ಸ್‌ಫರ್ಡ್‌ಶೈರ್‌ನ ವಾಟ್‌ಲಿಂಗ್ಟನ್ ಬಳಿ ಒಬ್ಬರಿಗೆ ಬೆಳ್ಳಿಯ ಗಟ್ಟಿ, ನಾಣ್ಯಗಳು ಕಂಡವು; ಅವರು ಅಧಿಕಾರಿಗಳಿಗೆ ತಿಳಿಸಿದರು; ತಜ್ಞರು ಮಣ್ಣಿನ ಹೆಂಟೆಯ ಸಮೇತ ಅದನ್ನು ಎತ್ತಿ ಒಯ್ದರು. ಅದರಲ್ಲಿ ವೆಸೆಕ್ಸ್‌ನ ರಾಜ ಆಲ್ಫ್ರೆಡ್ ಮತ್ತು ನೆರೆಯ ಮರ್ಸಿಯಾದ ರಾಜ ಎರಡನೇ ಕಿಯೋಲ್‌ವುಲ್ಫ್ ಇಬ್ಬರೂ ಅಚ್ಚುಹಾಕಿಸಿದ, ಪಕ್ಕಪಕ್ಕ ಕುಳಿತ ಇಬ್ಬರು ಚಕ್ರವರ್ತಿಗಳ ಚಿತ್ರವಿರುವ ನಾಣ್ಯಗಳು ಹದಿಮೂರಿದ್ದವು. ಆಲ್ಫ್ರೆಡ್‌ನ ಆಸ್ಥಾನದ ಕಡೆಯವರು ಬರೆದಿಟ್ಟ ವೃತ್ತಾಂತದಲ್ಲಿ ಕಿಯೋಲ್‌ವುಲ್ಫ್ ವೈಕಿಂಗರ ಕೈಗೊಂಬೆಯಾದ ಮೂಢ. ನಾಣ್ಯಗಳು ಹೇಳುವುದು ಬೇರೆ: ಇಬ್ಬರೂ ಒಂದೇ ನಮೂನೆಯ ಹಣ ಹೊರಡಿಸುವಷ್ಟು ಮಿತ್ರರಾಗಿದ್ದರು. ಗೆದ್ದವರು ಬರೆದ ಇತಿಹಾಸವನ್ನು ಒಂದು ಹೆಂಟೆ ಮಣ್ಣು ತಿದ್ದಿತು. ಆಕ್ಸ್‌ಫರ್ಡ್‌ನ ಆಶ್ಮೋಲಿಯನ್ ಮ್ಯೂಸಿಯಂ ಅದನ್ನು ಕೊಂಡುಕೊಂಡಿತು.

ಅದೇ ವರ್ಷ ಜೂನ್‌ನಲ್ಲಿ ಹೆರೆಫರ್ಡ್‌ಶೈರ್‌ನ ಲೆಮ್‌ಸ್ಟರ್ ಹತ್ತಿರ ಇಬ್ಬರು ಶೋಧಕರಿಗೆ ಅದೇ ಕಾಲದ ಇನ್ನೂ ದೊಡ್ಡ ನಿಧಿ ಸಿಕ್ಕಿತು. ಅವರು ಅದನ್ನು ಮುಚ್ಚಿಟ್ಟು ಕಳ್ಳದಾರಿಯಲ್ಲಿ ಮಾರಲು ಹೊರಟರು. 2019ರಲ್ಲಿ ನ್ಯಾಯಾಲಯ ಅವರನ್ನು ಜೈಲಿಗೆ ಕಳಿಸಿತು. ಮೊಬೈಲಿನಿಂದ ಅಳಿಸಿದ್ದ ಫೋಟೋಗಳನ್ನು ಪೊಲೀಸರು ಮರಳಿ ಪಡೆದು ನೋಡಿದಾಗ ಸುಮಾರು 300 ನಾಣ್ಯಗಳಿದ್ದಿರಬಹುದು ಎಂದು ಅಂದಾಜಾಯಿತು. ತೀರ್ಪಿನ ಹೊತ್ತಿಗೆ ಕೈಗೆ ಸಿಕ್ಕಿದ್ದವು 31. ಕಾನೂನುಬದ್ಧವಾಗಿ ತಿಳಿಸಿದ್ದರೆ ಹೊಲದ ಒಡೆಯನ ಜೊತೆ ಹಂಚಿಕೊಳ್ಳಲು ಅವರಿಗೆ ದೊಡ್ಡ ಮೊತ್ತವೇ ಬರುತ್ತಿತ್ತು. ಇಂಗ್ಲೆಂಡಿನ 1996ರ ನಿಧಿ ಕಾಯ್ದೆ ಹಾಗೆಯೇ ರೂಪುಗೊಂಡಿದೆ: ಸಿಕ್ಕ 14 ದಿನದೊಳಗೆ ತಿಳಿಸಬೇಕು, ಮ್ಯೂಸಿಯಂ ಕೊಳ್ಳಲು ಬಯಸಿದರೆ ತಜ್ಞರ ಸಮಿತಿ ಬೆಲೆ ಕಟ್ಟುತ್ತದೆ, ಸಾಮಾನ್ಯವಾಗಿ ಹುಡುಕಿದವನೂ ನೆಲದ ಒಡೆಯನೂ ಅದನ್ನು ಹಂಚಿಕೊಳ್ಳುತ್ತಾರೆ. ಫ್ರೂಮ್ ನಿಧಿಗೆ 3,20,250 ಪೌಂಡ್ ಬೆಲೆ ಕಟ್ಟಲಾಯಿತು. ಅದು ಈಗ ಟಾಂಟನ್‌ನ ಸಾಮರ್‌ಸೆಟ್ ಮ್ಯೂಸಿಯಂನಲ್ಲಿದೆ.

ನಿಧಿಗಳ ಬಗ್ಗೆಯೇ ಇಷ್ಟು ಬರೆದೆನಾದರೂ, ನನ್ನ ಒಲವು ನಿಜವಾಗಿ ಬಿಡಿ ಕಾಸುಗಳ ಕಡೆಗೆ. ನಿಧಿ ಯಾರೋ ಬೇಕೆಂದೇ ಹೂತದ್ದು. ಬಿಡಿ ಕಾಸು ಸಂತೆಗೆ ಹೊರಟವನ ಚೀಲದ ತೂತಿನಿಂದ ಜಾರಿದ್ದು. ಚಿನ್ನದ ನಾಣ್ಯ ಬಿದ್ದರೆ ಜನ ಮಂಡಿಯೂರಿ ಹುಡುಕುತ್ತಾರೆ, ಚಿಲ್ಲರೆ ಬಿದ್ದರೆ ಬಿಟ್ಟು ನಡೆಯುತ್ತಾರೆ. ಹಾಗಾಗಿ ಹೊಲಗಳಲ್ಲಿ ಸಿಗುವ ಸವೆದ ಕಂಚಿನ ಕಾಸುಗಳು ದಿನನಿತ್ಯದ ವ್ಯವಹಾರದ ಪ್ರಾಮಾಣಿಕ ಸಾಕ್ಷಿಗಳು. ರಿಚರ್ಡ್ ರೀಸ್ ಎಂಬ ವಿದ್ವಾಂಸರು ರೋಮನ್ ಬ್ರಿಟನ್ನಿನ ನಾಣ್ಯಗಳನ್ನು 21 ಕಾಲಖಂಡಗಳಾಗಿ ವಿಂಗಡಿಸಿ, ಒಂದೊಂದು ನೆಲೆಯಲ್ಲೂ ಯಾವ ಖಂಡದವು ಸಾವಿರಕ್ಕೆ ಎಷ್ಟು ಎಂದು ಹೋಲಿಸುವ ಪದ್ಧತಿ ರೂಪಿಸಿದರು. ಆಗ ಒಂದು ನಮೂನೆ ಎದ್ದು ಕಂಡಿತು. ಮೊದಲ ಶತಮಾನಗಳ ನಾಣ್ಯಗಳು ಸೇನಾ ಠಾಣೆ, ಪಟ್ಟಣಗಳಲ್ಲಿ ಹೆಚ್ಚು. ನಾಲ್ಕನೇ ಶತಮಾನದ ಹಗುರ ಕಾಸುಗಳು ಹಳ್ಳಿಗಾಡಿನಲ್ಲೂ ಹೇರಳ. ಹಣವೆಂಬುದು ಮೊದಲು ಸಿಪಾಯಿಯ ಸಂಬಳವಾಗಿ ಬಂದು, ಆಮೇಲೆ ರೈತನ ಅಂಗಳಕ್ಕೆ ಹೊಕ್ಕದ್ದನ್ನು ಹೀಗೆ ಕಳೆದುಹೋದ ಚಿಲ್ಲರೆಯ ಎಣಿಕೆಯಲ್ಲಿ ಓದಬಹುದು. ಬ್ರಿಟನ್ನಿನಲ್ಲಿ 1997ರಲ್ಲಿ ಶುರುವಾದ ದಾಖಲಾತಿ ಯೋಜನೆಯಲ್ಲಿ ಈಗ 15 ಲಕ್ಷಕ್ಕೂ ಹೆಚ್ಚು ವಸ್ತುಗಳಿವೆ, ಅವುಗಳಲ್ಲಿ ಬಹುಪಾಲು ಹವ್ಯಾಸಿ ಶೋಧಕರು ತಂದು ತೋರಿಸಿದವು. ಮಾರಿದರೆ ಒಂದು ಕಾಫಿಯ ದುಡ್ಡೂ ಬಾರದ ಕಾಸುಗಳು, ಸಿಕ್ಕ ಜಾಗದ ಗುರುತಿನೊಂದಿಗೆ ಸಾಲಾಗಿ ನಿಂತಾಗ ಒಂದು ಸಾಮ್ರಾಜ್ಯದ ಆರ್ಥಿಕ ಚರಿತ್ರೆಯಾಗುತ್ತವೆ.

ನಮ್ಮಲ್ಲಿ ಈ ಹವ್ಯಾಸ ಬೆಳೆದಿಲ್ಲ. ಮಣ್ಣೂ ಅಷ್ಟಾಗಿ ಒಗ್ಗುವುದಿಲ್ಲ: ಕರಾವಳಿಯ ಮುರಕಲ್ಲಿನಂಥ ನೆಲದಲ್ಲಿ ಕಬ್ಬಿಣದ ಆಕ್ಸೈಡುಗಳು ತುಂಬಿರುವುದರಿಂದ ತಟ್ಟೆ ಬೀಸಿದಲ್ಲೆಲ್ಲ ಮಣ್ಣೇ ಉತ್ತರ ಕೊಡುತ್ತದೆ, ನಾಣ್ಯದ ಕ್ಷೀಣ ದನಿ ಅದರಲ್ಲಿ ಮುಳುಗುತ್ತದೆ. ಆದರೆ ನಿಧಿಯ ಕನಸು ಮಾತ್ರ ನಮ್ಮಲ್ಲಿ ಹಳೆಯದು. ಭೂದಾನದ ಶಾಸನಗಳು ದಾನ ಪಡೆದವನಿಗೆ ಸಲ್ಲುವ ಅಷ್ಟಭೋಗಗಳನ್ನು ಹೇಳುವಾಗ ನಿಧಿ, ನಿಕ್ಷೇಪಗಳನ್ನು ಮೊದಲಲ್ಲೇ ಹೆಸರಿಸುತ್ತವೆ. ನೆಲದಡಿಯ ಸಂಪತ್ತು ಯಾರದೆಂಬ ಪ್ರಶ್ನೆ ಆ ಶಾಸನ ಬರೆಸಿದವರಿಗೂ ಇತ್ತು. ಇಂದು ಆ ಕನಸು ನಿಧಿಗಳ್ಳರ ಹಾರೆಯಾಗಿದೆ. ವೀರಗಲ್ಲು ಕಿತ್ತರು, ಗರ್ಭಗುಡಿ ಅಗೆದರು ಎಂಬ ಸುದ್ದಿ ನಮ್ಮ ಜಿಲ್ಲಾ ಪುಟಗಳಲ್ಲಿ ಮತ್ತೆ ಮತ್ತೆ ಬರುತ್ತದೆ. 2019ರ ಜುಲೈನಲ್ಲಿ ಆನೆಗೊಂದಿಯ ನವವೃಂದಾವನ ಗಡ್ಡೆಯಲ್ಲಿ ವ್ಯಾಸರಾಯರ ವೃಂದಾವನವನ್ನೇ ನಿಧಿಯಾಸೆಗೆ ಒಡೆದು ಹಾಕಿದರು. ಕೃಷ್ಣದೇವರಾಯನ ಕಾಲದ ಯತಿಯ ಸಮಾಧಿಯದು. ಆ ಸುದ್ದಿ ಓದಿದಾಗಿನ ಸಂಕಟ ನನಗೆ ಇನ್ನೂ ಹೋಗಿಲ್ಲ.

ಹಾಗೆಂದು ನಮ್ಮ ನೆಲ ಬರಿದಲ್ಲ. 1891ರಲ್ಲಿ ಬೆಂಗಳೂರಿನ ಯಶವಂತಪುರದಲ್ಲಿ 163 ರೋಮನ್ ಬೆಳ್ಳಿ ನಾಣ್ಯಗಳು ಒಟ್ಟಿಗೆ ಸಿಕ್ಕವು. ಅಗಸ್ಟಸ್, ತೈಬೀರಿಯಸ್ ಮೊದಲಾದವರ ಮುಖವಿದ್ದ ದಿನೇರಿಯಸ್‌ಗಳು. ಅದಕ್ಕಿಂತ ಹೆಚ್ಚು ಮಾತಾಡಿದ್ದು ಚಿತ್ರದುರ್ಗದ ಪಕ್ಕದ ಚಂದ್ರವಳ್ಳಿ. ಅಲ್ಲಿ ಮೈಸೂರಿನ ಡಾ. ಎಂ. ಎಚ್. ಕೃಷ್ಣ, ಆಮೇಲೆ 1947ರಲ್ಲಿ ಮಾರ್ಟಿಮರ್ ವೀಲರ್ ಪದರ ಪದರವಾಗಿ ಉತ್ಖನನ ನಡೆಸಿದರು. ಶಾತವಾಹನರ ಕಾಲದ ವಸತಿಯಲ್ಲಿ ಅವರ ಸೀಸದ ನಾಣ್ಯಗಳ ಜೊತೆ ರೋಮನ್ ದಿನೇರಿಯಸ್ಸೂ ಸಿಕ್ಕಿತು. ತೈಬೀರಿಯಸ್ ಆಳಿದ್ದು ಕ್ರಿ.ಶ. 14ರಿಂದ 37ರವರೆಗೆ. ಅವನ ನಾಣ್ಯ ಒಂದು ಪದರದಲ್ಲಿ ಭದ್ರವಾಗಿ ಕುಳಿತಿದ್ದರೆ ಆ ಪದರ ಕ್ರಿ.ಶ. 14ಕ್ಕಿಂತ ಮೊದಲು ಉಂಟಾದದ್ದಾಗಿರಲು ಸಾಧ್ಯವಿಲ್ಲ. ಅದರಲ್ಲಿರುವ ಮಡಕೆ ಚೂರು, ಮಣಿ, ಇಟ್ಟಿಗೆಗಳು ಅಲ್ಲಿ ಸೇರಿಕೊಂಡ ಕಾಲಕ್ಕೂ ಅದೇ ಗಡಿ ಅನ್ವಯಿಸುತ್ತದೆ. ಅಂಥದೇ ಮಡಕೆ ಚೂರು ನಾಣ್ಯವೇ ಸಿಗದ ಮತ್ತೊಂದು ಊರಿನಲ್ಲಿ ಸಿಕ್ಕರೆ ಆ ಊರಿನ ಕಾಲವನ್ನೂ ಅಂದಾಜು ಮಾಡಬಹುದು. ಇಟಲಿಯ ಚಕ್ರವರ್ತಿಯ ಮುಖವೊಂದು ಚಿತ್ರದುರ್ಗದ ಕುಂಬಾರನ ಕಾಲ ಹೇಳಿತು. ಅದೇ ನಾಣ್ಯವನ್ನು ಯಾರಾದರೂ ಕಿತ್ತು ಮಾರಿದ್ದರೆ ಅಂಗಡಿಯ ಗಾಜಿನ ಪೆಟ್ಟಿಗೆಯಲ್ಲಿ ಅದೊಂದು ತೈಬೀರಿಯಸ್ ದಿನೇರಿಯಸ್, ಅಷ್ಟೇ. ಅಂಥವು ಲೋಕದಲ್ಲಿ ಬೇಕಾದಷ್ಟಿವೆ.

ಭಾರತದಲ್ಲಿ 1878ರಿಂದಲೂ ನಿಧಿ ಕಾಯ್ದೆಯಿದೆ. ನೆಲದಲ್ಲಿ ಅಡಗಿದ್ದು ಸಿಕ್ಕ ವಸ್ತುವಿನ ಬೆಲೆ ಹತ್ತು ರೂಪಾಯಿ ಮೀರಿದರೆ ಜಿಲ್ಲೆಯ ಕಲೆಕ್ಟರಿಗೆ ಲಿಖಿತವಾಗಿ ತಿಳಿಸಬೇಕೆಂದು ಅದು ವಿಧಿಸುತ್ತದೆ. ಕರ್ನಾಟಕಕ್ಕೆ 1962ರ ತನ್ನದೇ ಕಾಯ್ದೆಯೂ ಇದೆ. ಸಂರಕ್ಷಿತ ಸ್ಮಾರಕಗಳ ಆವರಣದಲ್ಲಿ ಅನುಮತಿಯಿಲ್ಲದೆ ಅಗೆಯುವುದು ಅಪರಾಧ. ನಮ್ಮಲ್ಲಿ ಹಳೆಯ ನಾಣ್ಯ ಸಿಗುವುದು ಹೆಚ್ಚಾಗಿ ಯಂತ್ರ ಹಿಡಿದವರಿಗಲ್ಲ. ಬಾವಿ ತೋಡುವವರಿಗೆ, ಮನೆಗೆ ತಳಪಾಯ ತೆಗೆಯುವವರಿಗೆ, ಹೊಲ ಉಳುವವರಿಗೆ. ಅವರಿಗೆ ನನ್ನ ಕೋರಿಕೆ ಇಷ್ಟು: ಮೊದಲ ನಾಣ್ಯ ಕಂಡಾಗ ಸಲಿಕೆ ನಿಲ್ಲಿಸಿ. ಮೊಬೈಲಿನಲ್ಲಿ ಗುಂಡಿಯ ಚಿತ್ರ ತೆಗೆಯಿರಿ, ಪಕ್ಕದಲ್ಲಿ ಅಳತೆಗೆ ಒಂದು ಕೋಲಿಡಿ. ನಾಣ್ಯವನ್ನು ಹುಣಸೆಹಣ್ಣು ಹಾಕಿ ಉಜ್ಜಬೇಡಿ. ಆ ಹುಳಿ ಕಿಲುಬಿನ ಜೊತೆಗೆ ಅಕ್ಷರಗಳನ್ನೂ ತಿನ್ನುತ್ತದೆ. ಮಡಕೆ ಒಡೆದಿದ್ದರೆ ಚೂರುಗಳನ್ನು ಎಸೆಯಬೇಡಿ. ಆಮೇಲೆ ತಹಸೀಲ್ದಾರರ ಕಚೇರಿಗೋ ಪುರಾತತ್ವ ಇಲಾಖೆಗೋ ಸುದ್ದಿ ಕೊಡಿ, ಅವರು ಬರುವ ತನಕ ಗುಂಡಿಗೆ ಒಂದು ಗೋಣಿತಟ್ಟು ಹೊದಿಸಿಡಿ.